‘ಈ ಅಂಗಿ ಕಡೀತೈತೆ’

ತಿಪಟೂರಿನ ಎಪಿಎಂಸಿ ಪ್ರಾಂಗಣದಲ್ಲಿ ಕೊಬ್ಬರಿ ಕೊಳ್ಳಲು ಬಂದವರ ಕೈಗಳನ್ನು ನೋಡಬೇಕು. ಟೆಂಡರು ಕಂಪ್ಯೂಟರಿನಲ್ಲಿ ನಡೆಯುವ ಕಾಲ ಬಂದರೂ ಮಾಲು ನೋಡುವ ಕೆಲಸ ಇನ್ನೂ ಬೆರಳಿನದೇ. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ನಾಲ್ಕು ಉಂಡೆ ಮೇಲೆ ತೆಗೆದು, ಅಂಗೈಯಲ್ಲಿ ಹೊರಳಿಸಿ, ಒಂದಕ್ಕೊಂದು ತಾಕಿಸಿ, ಅನುಮಾನ ಬಂದರೆ ಒಡೆದು ಒಳಗಿನ ಬಿಳುಪು ನೋಡಿ, ಆಮೇಲೆ ದರದ ಮಾತು. ಬೆಳೆದವನದೂ ಅಷ್ಟೇ ಜಾಗ್ರತೆ. ಬಲಿತ ಕಾಯನ್ನು ಅಟ್ಟಕ್ಕೇರಿಸಿ ಎಂಟು, ಹತ್ತು, ಕೆಲವೊಮ್ಮೆ ಹನ್ನೆರಡು ತಿಂಗಳು ಕಾದು, ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿ, ಒಳಗೆ ಗಿಟುಕು ಲೊಡಲೊಡ ಅಂದ ಮೇಲೆಯೇ ಸುಲಿಯಲು ಕೂರುವುದು.

ಅದೇ ಮನುಷ್ಯ ಕೊಬ್ಬರಿ ದುಡ್ಡನ್ನು ಜೇಬಿಗಿಳಿಸಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಜವಳಿ ಅಂಗಡಿ ಹೊಕ್ಕರೆ ಆ ಕೈಗೆ ಏನಾಗುತ್ತದೋ! ಬಣ್ಣ ನೋಡುತ್ತಾನೆ, ದರದ ಚೀಟಿ ನೋಡುತ್ತಾನೆ, ಮಗನನ್ನು ತಿರುಗಿಸಿ ನಿಲ್ಲಿಸಿ ಬೆನ್ನಿಗೆ ಅಂಗಿ ಹಿಡಿದು ಅಳತೆ ನೋಡುತ್ತಾನೆ. ಬೆಳೆಯೋ ಹುಡುಗ, ಒಂದು ಸೈಜು ದೊಡ್ಡದೇ ಇರಲಿ ಅನ್ನುತ್ತಾನೆ. ಅಂಗಿಯ ಒಳಮೈ ಮುಟ್ಟಿ ನೋಡುವವರು ಕಡಿಮೆ. ಅದನ್ನು ದಿನವಿಡೀ ಮೈಮೇಲೆ ಹೊರಬೇಕಾದವನನ್ನು ಕೇಳುವವರು ಇನ್ನೂ ಕಡಿಮೆ.

ಇದರ ಫಲ ಗೊತ್ತಾಗುವುದು ಹಬ್ಬದ ಬೆಳಗ್ಗೆ. ತಲೆಗೆ ನೀರು ಹಾಕಿಸಿಕೊಂಡು ಬಂದ ಮಗು ಹೊಸ ಅಂಗಿಗೆ ಕತ್ತು ತೂರಿಸಿದ ಮರುಗಳಿಗೆಯೇ ಕಿತ್ತೆಸೆಯುತ್ತದೆ. ‘ನಂಗ್ ಬ್ಯಾಡ, ಕಡೀತೈತೆ.’ ‘ಹಾಕ್ಕಳ್ಳೋ ಮಗ, ಎಷ್ಟ್ ಚೆನ್ನಾಗೈತೆ ನೋಡು’ ಎಂಬ ರಮಿಸುವಿಕೆ ಎರಡು ಸಲ ನಡೆಯುತ್ತದೆ. ಮೂರನೆಯ ಸಲ ದನಿ ಏರುತ್ತದೆ. ನಾಲ್ಕನೆಯದು ಬೆನ್ನಿಗೆ ಬೀಳುತ್ತದೆ. ‘ಹಟಮಾರಿ ಕಣೇ ಇದು, ಅವರಪ್ಪನ ಹಂಗೇ’ ಎಂದು ಅಜ್ಜಿ ಒಲೆಯ ಮುಂದಿನಿಂದಲೇ ತೀರ್ಪು ಕೊಡುತ್ತಾರೆ. ಕೊನೆಗೆ ಮಗು ಕಣ್ಣೊರೆಸಿಕೊಂಡು ಹಳೇ ಬನಿಯನ್ನಿನಲ್ಲೇ ಹೋಳಿಗೆ ತಿನ್ನುತ್ತದೆ, ಹೊಸ ಅಂಗಿ ಬೀರುವಿನೊಳಗೆ ಹೋಗಿ ಮಲಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಯಾವ ಊರಿನಲ್ಲಿ ವಿಚಾರಿಸಿದರೂ ಇಂಥದೊಂದು ಮಗು, ಇಂಥದೊಂದು ಅಂಗಿ ಇರುವ ಮನೆ ಸಿಕ್ಕೇ ಸಿಗುತ್ತದೆ.

ಅಜ್ಜಿಯ ತೀರ್ಪನ್ನು ಮರುಪರಿಶೀಲಿಸಬೇಕಾಗಿದೆ. ಹಟ ಮಾಡದ ಮಕ್ಕಳಿಲ್ಲ, ನಿಜ. ಆದರೆ ಬಟ್ಟೆಯ ವಿಷಯದಲ್ಲಿ ‘ಕಡೀತೈತೆ’, ‘ಚುಚ್ಚತೈತೆ’, ‘ಬಿಗಿಯಾಗೈತೆ’ ಅನ್ನುವ ಮಗು ಬಹುಪಾಲು ಸಲ ತನ್ನ ಚರ್ಮಕ್ಕೆ ಆಗುತ್ತಿರುವುದನ್ನೇ ಹೇಳುತ್ತಿರುತ್ತದೆ. ಅಲ್ಲಿ ಎಡವಿರುವುದು ಕೊಂಡ ರೀತಿ. ಶಿಕ್ಷೆ ಮಾತ್ರ ತೊಡುವವನಿಗೆ.

ಬಟ್ಟೆ ಮೈಗೆ ಸೋಕುತ್ತಿದೆ ಎಂಬುದು ಬಹಳ ಜನಕ್ಕೆ ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಚರ್ಮದಿಂದ ಒಂದೇ ಸಮನೆ ಬರುವ ಸುದ್ದಿಯನ್ನು ಮಿದುಳು ತಾನಾಗಿಯೇ ಬದಿಗೆ ಸರಿಸಿಬಿಡುತ್ತದೆ. ಸೊಂಟದ ಉಡಿದಾರ, ಬೆರಳಿನ ಉಂಗುರ ದಿನವಿಡೀ ಇದ್ದರೂ ಇಲ್ಲದಂತೆ ಇರುವುದು ಹಾಗೆಯೇ. ಕೆಲವು ಮಕ್ಕಳಲ್ಲಿ ಈ ಮರೆವು ಸುಲಭವಾಗಿ ಬರುವುದಿಲ್ಲ. ಕತ್ತಿನ ಹಿಂದಿನ ಲೇಬಲ್ಲು, ಕಾಲ್ಬೆರಳ ಮೇಲೆ ಹಾಯುವ ಕಾಲುಚೀಲದ ಹೊಲಿಗೆ, ಕಂಕುಳಿನ ದಪ್ಪ ಅಂಚು, ಸೊಂಟದ ಎಲಾಸ್ಟಿಕ್ಕು ಬೆಳಗಿನಿಂದ ಸಂಜೆವರೆಗೆ ಹೊಸದಾಗಿ ಚುಚ್ಚುತ್ತಲೇ ಇರುತ್ತವೆ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಐರ್ಸ್ 1960ರ ದಶಕದಲ್ಲೇ ಸ್ಪರ್ಶದ ಈ ಅತಿಸೂಕ್ಷ್ಮತೆಯನ್ನು ಗುರುತಿಸಿ ಬರೆದರು. 1972ರಲ್ಲಿ ಬಂದ ಅವರ ಪುಸ್ತಕ ಈ ವಿಚಾರವನ್ನು ಮಕ್ಕಳ ಕಲಿಕೆಯ ಚರ್ಚೆಯೊಳಗೆ ತಂದಿತು. 2009ರಲ್ಲಿ ಅಮೆರಿಕದಲ್ಲೇ ಪ್ರಕಟವಾದ ಒಂದು ಅಧ್ಯಯನದಲ್ಲಿ 7ರಿಂದ 11 ವರ್ಷದೊಳಗಿನ 925 ಮಕ್ಕಳ ಪೋಷಕರನ್ನು ಕೇಳಿದ್ದರು. ಕನಿಷ್ಠ ನಾಲ್ಕು ಬಗೆಯ ಸ್ಪರ್ಶ ಅಥವಾ ಸದ್ದುಗಳು ತಮ್ಮ ಮಗುವನ್ನು ಕಾಡುತ್ತವೆ ಎಂದವರು ಶೇ 16ರಷ್ಟು. ಆ ಲೆಕ್ಕವನ್ನು ಹಾಗೆಯೇ ತಂದು ಇಲ್ಲಿಯ ಮಕ್ಕಳಿಗೆ ಅಂಟಿಸಲಾಗದು. ಇಂಥ ಮಕ್ಕಳು ಊರಿಗೊಬ್ಬರು ಅಪರೂಪಕ್ಕೆ ಹುಟ್ಟುವವರಲ್ಲ ಎಂಬುದಕ್ಕೆ ಮಾತ್ರ ಅದು ಸಾಕು.

ಇಲ್ಲಿ ತೋಟದ ಮನೆಯವರು ತಕ್ಷಣ ಒಂದು ಪಾಟೀಸವಾಲು ಎಸೆಯುತ್ತಾರೆ. ‘ಲೇಬಲ್ಲು ಚುಚ್ಚತೈತೆ ಅನ್ನೋ ಇದೇ ಹುಡುಗ ತೆಂಗಿನ ಮಟ್ಟೆ ಗುಡ್ಡೆ ಮೇಲೆ ಉರುಳಾಡ್ತಾನಲ್ಲ, ಅಲ್ಲಿ ನಾರು ಚುಚ್ಚಲ್ವ?’ ಒಳ್ಳೆಯ ಪ್ರಶ್ನೆ. ತನಗೆ ತಾನೇ ಕಚಗುಳಿಯಿಟ್ಟುಕೊಂಡು ನಗಲು ಬಹುತೇಕ ಯಾರಿಗೂ ಆಗುವುದಿಲ್ಲ ಎಂಬುದರಲ್ಲೇ ಇದಕ್ಕೊಂದು ಸುಳಿವಿದೆ. 1998ರಲ್ಲಿ ಲಂಡನ್ನಿನ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಮಿದುಳಿನ ಚಿತ್ರ ತೆಗೆದು ಇದರ ಕಾರಣ ತೋರಿಸಿದರು. ತಾನೇ ಉಂಟುಮಾಡಿಕೊಳ್ಳುವ ಸ್ಪರ್ಶ ಹೀಗಿರುತ್ತದೆ ಎಂದು ಮಿದುಳು ಮೊದಲೇ ಅಂದಾಜು ಮಾಡಿಕೊಂಡು ಅದರ ಕಾವನ್ನು ತಗ್ಗಿಸುತ್ತದೆ. ಬೇರೆಯವರಿಂದ ಬರುವ ಸ್ಪರ್ಶಕ್ಕೆ ಆ ರಿಯಾಯಿತಿ ಇಲ್ಲ. ಮಟ್ಟೆಯ ಗುಡ್ಡೆಗೆ ಹಾರುವವನು ಹುಡುಗನೇ, ಸಾಕೆನಿಸಿದಾಗ ಇಳಿಯುವವನೂ ಅವನೇ. ಅಂಗಿ ಹಾಗಲ್ಲ. ಬೇರೆಯವರು ಆರಿಸಿ, ಬೇರೆಯವರು ತೊಡಿಸಿ, ಬೇರೆಯವರು ಬಿಚ್ಚು ಅನ್ನುವವರೆಗೆ ಅಂಟಿಕೊಂಡೇ ಇರುವಂಥದ್ದು. ಕಚಗುಳಿಯ ಪ್ರಯೋಗ ಅಂಗಿಯ ಪ್ರಶ್ನೆಯನ್ನು ಪೂರ್ತಿ ಬಗೆಹರಿಸುವುದಿಲ್ಲವಾದರೂ ಆ ಹುಡುಗ ನಾಟಕ ಆಡುತ್ತಿದ್ದಾನೆ ಎಂಬ ವಾದದ ಬುಡವನ್ನಂತೂ ಅಲ್ಲಾಡಿಸುತ್ತದೆ.

ಇನ್ನೊಂದು ಸಾಕ್ಷಿ ದನಗಳ ಲೋಕದಿಂದ ಬರುತ್ತದೆ. ದನಗಳನ್ನು ಹೆದರಿಸದೆ ನಡೆಸುವ ಆವರಣಗಳ ವಿನ್ಯಾಸಕ್ಕೆ ಹೆಸರಾದ, ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಟೆಂಪಲ್ ಗ್ರ್ಯಾಂಡಿನ್ ಆಟಿಸಂ ಇರುವವರು. ಬಾಲ್ಯದಲ್ಲಿ ಭಾನುವಾರದ ಚರ್ಚಿಗೆ ತೊಡಿಸುತ್ತಿದ್ದ ಒರಟು ಒಳಲಂಗ ತಮ್ಮ ಮೈಯನ್ನು ಉಪ್ಪುಕಾಗದದಂತೆ ಉಜ್ಜುತ್ತಿತ್ತೆಂದೂ, ಹೊರಗಿನವರಿಗೆ ಅದು ಕೆಟ್ಟ ನಡತೆಯಾಗಿ ಕಾಣುತ್ತಿತ್ತೆಂದೂ ಅವರು ಬರೆದಿದ್ದಾರೆ. ದೊಡ್ಡವರಾದ ಮೇಲೂ ಹೊಸ ಬಗೆಯ ಒಳಉಡುಪಿಗೆ ಹೊಂದಿಕೊಳ್ಳಲು ಅವರಿಗೆ ಮೂರು ನಾಲ್ಕು ದಿನ ಬೇಕಂತೆ. ಮಾತು ಬಲ್ಲ, ಪುಸ್ತಕ ಬರೆದ ಪ್ರಾಧ್ಯಾಪಕಿ ಇದನ್ನು ವಿವರಿಸಬಲ್ಲರು. ಹೊನ್ನವಳ್ಳಿಯದೋ ಹುಳಿಯಾರಿನದೋ ನಾಲ್ಕು ವರ್ಷದ ಕೂಸಿಗೆ ಇರುವುದು ಒಂದೇ ಕ್ರಿಯಾಪದ, ‘ಕಡೀತೈತೆ’.

ಕಡಿಯುವುದಕ್ಕೂ ಒಂದು ಅಳತೆ ಇದೆ. ಉಣ್ಣೆಯ ಬಗ್ಗೆ ಸಂಶೋಧನೆ ಮಾಡಿದವರು ಇದನ್ನು ಬಹಳ ಹಿಂದೆಯೇ ಲೆಕ್ಕ ಹಾಕಿದ್ದಾರೆ. ಸುಮಾರು 30 ಮೈಕ್ರಾನಿಗಿಂತ ದಪ್ಪದ ಎಳೆಯ ತುದಿ ಚರ್ಮಕ್ಕೆ ಒತ್ತಿದಾಗ ಬಾಗುವ ಬದಲು ಚುಚ್ಚುತ್ತದೆ. ಬಟ್ಟೆಯಲ್ಲಿ ಅಂಥ ಎಳೆಗಳು ಶೇ 5ರಷ್ಟಿದ್ದರೂ ಸಾಕು, ಮೈ ನವೆಯಾಗತೊಡಗುತ್ತದೆ. ಬಯಲುಸೀಮೆಯ ಕುರಿಯ ಉಣ್ಣೆ ಒರಟು. ಚಳ್ಳಕೆರೆಯ ಕಂಬಳಿ ಹೊದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಬಳಿಯನ್ನು ಬರಿಮೈಗೆ ಸಾಮಾನ್ಯವಾಗಿ ಯಾರೂ ಹೊದ್ದುಕೊಳ್ಳುತ್ತಿರಲಿಲ್ಲ, ಒಳಗೊಂದು ಪಂಚೆ ಇರುತ್ತಿತ್ತು. ಈಗಿನ ಹೆಣ್ಣುಮಕ್ಕಳ ಹಬ್ಬದ ಫ್ರಾಕಿನಲ್ಲಿ ಕಂಬಳಿಗಿಂತ ಬಿರುಸಾದ ನೆಟ್ ಬಟ್ಟೆ, ಅದರಡಿಯಲ್ಲಿ ಉಬ್ಬಿ ನಿಲ್ಲಲೆಂದು ಕ್ಯಾನ್‌ಕ್ಯಾನ್, ಎದೆಯ ಮೇಲೆ ಮಣಿ, ಹಿಂದೆ ಜಿಪ್ಪು. ಒಳಗೆ ಪಂಚೆಯಂಥದೇನೂ ಇಲ್ಲ. ಹೆಸರಿಗೊಂದು ತೆಳು ಲೈನಿಂಗು, ಅದೂ ಬಹಳ ಸಲ ನೈಲಾನೋ ಪಾಲಿಯೆಸ್ಟರೋ.

ನೂಲಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಹತ್ತಿ ತನ್ನ ತೂಕದ ಶೇ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿ ಇಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಅರೆ ಪರ್ಸೆಂಟೂ ಹೀರುವುದಿಲ್ಲ. ಯುಗಾದಿ ಬರುವುದು ಬಿಸಿಲು ಬಲಿಯುವ ಹೊತ್ತಿಗೆ, ಮದುವೆ ಮುಂಜಿಗಳು ಏಪ್ರಿಲ್ ಮೇ ತಿಂಗಳಲ್ಲಿ. ಬಯಲುಸೀಮೆಯ ಆ ಧಗೆಯಲ್ಲಿ ಬೆವರು ಹೀರದ ಬಟ್ಟೆಯೊಳಗೆ ಬೆವರುಸಾಲೆ ಎದ್ದ ಮಗುವಿಗೆ ಛತ್ರದ ಜನಜಂಗುಳಿಯಲ್ಲಿ ‘ಸುಮ್ನೆ ಕೂತ್ಕೋ’ ಎಂದರೆ ಅದು ಹೇಗೆ ಕೂತೀತು?

ಹಾಗಿದ್ದರೆ ಹಿಂದಿನವರು ಎರಡು ಜೊತೆ ಬಟ್ಟೆಯಲ್ಲಿ ಬಾಲ್ಯ ಕಳೆದಿದ್ದು ಹೇಗೆ, ಅವರಲ್ಲಿ ಇಂಥ ತಕರಾರು ಇರಲಿಲ್ಲವಲ್ಲ ಎಂಬ ಮಾತು ಬರುತ್ತದೆ. ಕೊಂಕಿನ ಮಾತಾದರೂ ಉತ್ತರಕ್ಕೆ ಅರ್ಹವಾದದ್ದು. ಆ ಎರಡು ಜೊತೆಯಲ್ಲಿ ಒಂದು ಅಣ್ಣನದೋ ಅಕ್ಕನದೋ ಆಗಿರುತ್ತಿತ್ತು. ನೂರಾರು ಸಲ ಕಲ್ಲಿನ ಮೇಲೆ ಒಗೆಸಿಕೊಂಡು ಮೆತ್ತಗಾದ ಹತ್ತಿ ಬಟ್ಟೆ ಅದು. ಲೇಬಲ್ಲು ಇರುತ್ತಿರಲಿಲ್ಲ, ಏಕೆಂದರೆ ಹೊಲಿದವನು ಊರ ದರ್ಜಿ. ಥಾನಿನಿಂದ ಹರಿದ ಬಟ್ಟೆಯನ್ನು ಅಪ್ಪನೋ ಅಮ್ಮನೋ ಬೆರಳಲ್ಲಿ ತಿಕ್ಕಿ ನೋಡಿ ತರುತ್ತಿದ್ದರು. ಎಳೆಗೂಸಿನ ವಿಷಯದಲ್ಲಂತೂ ಹಳಬರು ಇನ್ನೂ ಬುದ್ಧಿವಂತರು. ಹುಟ್ಟಿದ ಮಗುವಿಗೆ ಮೊದಲು ಸುತ್ತುವುದು ಹಳೆಯ ಬಟ್ಟೆ. ತಾತನ ಸವೆದ ಪಂಚೆ, ಅಜ್ಜಿಯ ಮೆತ್ತನೆ ಸೀರೆ. ಶಾಸ್ತ್ರವೆಂದು ಹೇಳಿಕೊಂಡು ಮಾಡುತ್ತಿದ್ದ ಈ ಕೆಲಸದಲ್ಲಿ ಚರ್ಮದ ಲೆಕ್ಕಾಚಾರ ಚೊಕ್ಕವಾಗಿದೆ. ವಿಚಿತ್ರವೆಂದರೆ ಆರು ತಿಂಗಳಿಗೆ ಬೇಕೆಂದು ಒಪ್ಪಿಕೊಂಡ ಮೆತ್ತನೆಯ ಹಕ್ಕನ್ನು ಆರು ವರ್ಷಕ್ಕೆ ಬರುವಷ್ಟರಲ್ಲಿ ಹಟ ಎಂದು ಕರೆದು ಕಿತ್ತುಕೊಂಡಿರುತ್ತಾರೆ.

ಟೆರಿಲಿನ್, ಟೆರಿಕಾಟ್ ಬಂದ 1960–70ರ ದಶಕಗಳ ನಂತರ ಕೊಳ್ಳುವವರ ಅಳತೆಗೋಲು ಬದಲಾಯಿತು. ಇಸ್ತ್ರಿ ಬೇಡ, ಬಣ್ಣ ಬಿಡುವುದಿಲ್ಲ, ಬೇಗ ಒಣಗುತ್ತದೆ, ಹರಿಯುವುದಿಲ್ಲ. ಎಲ್ಲವೂ ಒಗೆಯುವವರ ಅನುಕೂಲ. ಹೊರಗೆ ದುಡಿದು ಮನೆಯಲ್ಲೂ ದುಡಿಯುವ ಹೆಂಗಸಿಗೆ ಅದು ಸಣ್ಣ ಅನುಕೂಲವಲ್ಲ, ಅದನ್ನು ಹಗುರ ಮಾಡಿ ಮಾತಾಡಬಾರದು. ಆದರೂ ತೊಡುವವರ ಕಡೆಯ ಒಂದು ಪ್ರಶ್ನೆ ಆ ಪಟ್ಟಿಯಲ್ಲಿ ಸೇರದೇ ಹೋಯಿತು.

ಕೊಬ್ಬರಿ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಗಂಟು ಬಿದ್ದಿದೆ. ಇಲ್ಲಿ ಬಟ್ಟೆ ಕೊಳ್ಳುವುದು ಬಟ್ಟೆ ಬೇಕಾದಾಗ ಅಲ್ಲ, ಕೊಬ್ಬರಿ ಹೋದಾಗ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ 8 ಸಾವಿರದ ಆಸುಪಾಸಿಗೆ ಕುಸಿದು ರೈತರು ಬೀದಿಗಿಳಿದಿದ್ದರು. ಎರಡೇ ವರ್ಷಕ್ಕೆ, 2025ರಲ್ಲಿ, ಅದೇ ಕೊಬ್ಬರಿ 25 ಸಾವಿರ ದಾಟಿತು. ದರ ಬಿದ್ದ ವರ್ಷ ಮಕ್ಕಳಿಗೆ ಸಿಕ್ಕಿದ್ದು ಸಂತೆಯ ಗುಡ್ಡೆ ಮಾಲು. ದರ ಎದ್ದ ವರ್ಷ ಹೊಳೆಯುವ ಶೇರ್ವಾನಿ, ಕಲ್ಲು ಮಣಿಯ ಲೆಹಂಗಾ. ದುಡ್ಡು ಕಮ್ಮಿಯಾದಾಗಲೂ ಹೆಚ್ಚಾದಾಗಲೂ ಮಗುವಿನ ಚರ್ಮಕ್ಕೆ ಸಿಕ್ಕಿದ್ದು ಒರಟೇ ಎಂಬುದು ಯೋಚಿಸಬೇಕಾದ ಸಂಗತಿ. ಮದುವೆಯ ಜವಳಿ ತರಲು ಬೆಳಗಿನ ರೈಲು ಹತ್ತಿ ಬೆಂಗಳೂರಿನ ಚಿಕ್ಕಪೇಟೆಗೆ ಹೋದ ಹತ್ತು ಜನರ ಗುಂಪಿನಲ್ಲಿ ಮಕ್ಕಳ ಬಟ್ಟೆಗೆ ಸಿಗುವುದು ಕೊನೆಯ ಅರ್ಧ ಗಂಟೆ. ಅಷ್ಟು ಹೊತ್ತಿಗೆ ಮಗು ಹಸಿದಿರುತ್ತದೆ, ಅಮ್ಮ ದಣಿದಿರುತ್ತಾಳೆ, ರೈಲಿನ ಹೊತ್ತು ಹತ್ತಿರವಾಗಿರುತ್ತದೆ. ‘ಒಗುದ್ರೆ ಮೆತ್ತಗಾಗುತ್ತೆ ಅಕ್ಕ, ಏನೂ ಯೋಚ್ನೆ ಮಾಡ್ಬೇಡಿ’ ಎಂದು ಅಂಗಡಿಯವನು ಅಂದರೆ ನಂಬದೆ ಬೇರೆ ದಾರಿ ಇರುವುದಿಲ್ಲ.

ಅವನ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಹೊಸ ಬಟ್ಟೆಯ ಬಿರುಸಿನಲ್ಲಿ ಗಂಜಿಯ ಪಾಲು, ಕಾರ್ಖಾನೆಯ ಫಿನಿಷಿಂಗ್ ರಾಸಾಯನಿಕಗಳ ಪಾಲು ಇರುತ್ತದೆ. ಸುಕ್ಕುಗಟ್ಟದಂತೆ ಮಾಡುವ ಲೇಪಗಳಲ್ಲಿ ಫಾರ್ಮಾಲ್ಡಿಹೈಡ್ ಬಳಕೆ ಹೊಸದಲ್ಲ. ಜಪಾನ್ 1973ರಷ್ಟು ಹಿಂದೆಯೇ ಕೂಸುಗಳ ಬಟ್ಟೆಯಲ್ಲಿ ಅದಕ್ಕೆ ಬಿಗಿ ಮಿತಿ ಹಾಕಿ ಕಾನೂನು ಮಾಡಿತು. ಎರಡು ಸಲ ಒಗೆದರೆ ಇವು ಸಾಕಷ್ಟು ಕಡಿಮೆಯಾಗುತ್ತವೆ. ನೆಟ್ ಬಟ್ಟೆಯನ್ನು ಇಪ್ಪತ್ತು ಸಲ ಒಗೆದರೂ ಹತ್ತಿಯಾಗುವುದಿಲ್ಲ ಎಂಬುದು ಉಳಿದರ್ಧ ಸತ್ಯ. ಇನ್ನು ಹೊಸ ಬಟ್ಟೆಯ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ ಮಡಿಕೆ ಬಿಚ್ಚಿ ಹಾಗೆಯೇ ಹಬ್ಬಕ್ಕೆ ತೊಡಿಸುವ ಮನೆಗಳಲ್ಲಿ ಒಗೆದು ಹಾಕುವುದೇ ಎಂದು ಹುಬ್ಬೇರಿಸುವವರಿದ್ದಾರೆ. ಹತ್ತು ದಿನ ಮೊದಲೇ ತಂದು, ಎರಡು ನೀರು ಕಾಣಿಸಿ, ಆಮೇಲೆ ಅರಿಶಿನ ಕುಂಕುಮ ಹಚ್ಚಿದರೆ ಯಾವ ದೇವರೂ ಮುನಿಯುವುದಿಲ್ಲ.

ಲೇಬಲ್ಲಿನ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಕತ್ತಿನ ಹಿಂದೆ ಚುಚ್ಚುವ ತುಂಡು ಬಟ್ಟೆ ಮಕ್ಕಳ ಸಮಸ್ಯೆ ಮಾತ್ರವಾಗಿದ್ದ ಕಾಲದಲ್ಲಿ ಕಂಪನಿಗಳು ಅದರ ಗೋಜಿಗೆ ಅಷ್ಟಾಗಿ ಹೋಗಲಿಲ್ಲ. 2002ರಲ್ಲಿ ಅಮೆರಿಕದ ಹೇನ್ಸ್ ಕಂಪನಿ ಲೇಬಲ್ಲನ್ನು ಹೊಲಿಯುವ ಬದಲು ಬಟ್ಟೆಯ ಮೇಲೇ ಅಚ್ಚೊತ್ತಿ, ಬಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ಕೈಯಲ್ಲಿ ಜಾಹೀರಾತು ಮಾಡಿಸಿತು. ದೊಡ್ಡವರ ಬನಿಯನ್ ಭರ್ಜರಿಯಾಗಿ ಮಾರಾಟವಾಯಿತು. ಆರೂವರೆ ಅಡಿ ಎತ್ತರದ ಆಟಗಾರನ ಕತ್ತಿಗೂ ಲೇಬಲ್ಲು ಚುಚ್ಚುತ್ತದೆ ಅಂದಾಗ ಅದನ್ನು ಹಟ ಎಂದು ಯಾರೂ ಕರೆಯಲಿಲ್ಲ. ಈಗ ತಿಪಟೂರಿನ ಅಂಗಡಿಗಳಲ್ಲೂ ಅಚ್ಚೊತ್ತಿದ ಲೇಬಲ್ಲಿನ ಟೀ ಶರ್ಟುಗಳು ಸಿಗುತ್ತವೆ, ಕೇಳಿದವರಿಗೆ. ಸಿಗದಿದ್ದರೆ ಕತ್ತರಿ ಇದ್ದೇ ಇದೆ. ಆದರೆ ಕತ್ತರಿಸಿದ ಮೇಲೆ ಉಳಿಯುವ ಮೊಂಡು ಚೂರು ಇಡೀ ಲೇಬಲ್ಲಿಗಿಂತ ಹೆಚ್ಚು ಚುಚ್ಚುತ್ತದೆ. ಹೊಲಿಗೆಯನ್ನೇ ಬಿಚ್ಚಿ ತೆಗೆಯಬೇಕು, ತೆಗೆಯುವ ಮೊದಲು ಅದರಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂದು ಓದಬೇಕು. ಲೇಬಲ್ಲಷ್ಟೇ ಅಲ್ಲ, ಹೊಕ್ಕುಳ ಕೆಳಗೆ ಮಾತ್ರ ದದ್ದು ಎದ್ದರೆ ಜೀನ್ಸಿನ ಲೋಹದ ಗುಂಡಿಯನ್ನು ಅನುಮಾನಿಸಬೇಕು. ಅದರಲ್ಲಿ ಇರಬಹುದಾದ ನಿಕ್ಕಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ.

ಅಂಗಡಿಯವರ ಕಡೆ ಬಂದರೆ, ಬಿಲ್ಲಿನ ತಳದಲ್ಲೋ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೋ ಒಂದು ಸಾಲು ಕಾಣುತ್ತದೆ. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.’ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ಸಾಲನ್ನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ ಅದು. ಹೊಲಿಗೆ ಬಿಚ್ಚಿದ, ಬಣ್ಣ ಹೋದ ಅಂಗಿಗೆ ಈ ರಕ್ಷಣೆ ಉಂಟು. ‘ಮಗುವಿಗೆ ಚುಚ್ಚುತ್ತದೆ’ ಎಂಬುದು ಕಾನೂನಿನ ಕಣ್ಣಿಗೆ ದೋಷವಲ್ಲ. ಶಕ್ತಿ ಯೋಜನೆಯಿಂದಾಗಿ ಅಮ್ಮನಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಉಳಿದರೂ, ಬದಲಾಯಿಸಿಕೊಡುವುದಿಲ್ಲ ಅನ್ನುವ ಅಂಗಡಿಗೆ ಒಂದು ದಿನದ ಕೂಲಿ ಬಿಟ್ಟು ಮತ್ತೆ ಹೋಗುವ ಹೆಂಗಸು ಯಾರು? ಹೀಗಾಗಿ ತೀರ್ಮಾನ ಕೊಳ್ಳುವ ಗಳಿಗೆಯಲ್ಲೇ ಆಗಬೇಕು.

ಅದಕ್ಕೆ ಅಂಗಡಿಯವರು ದೊಡ್ಡ ಬಂಡವಾಳ ಹೂಡಬೇಕಿಲ್ಲ. ಮಕ್ಕಳ ಬಟ್ಟೆಯ ವಿಭಾಗದಲ್ಲಿ ಪರದೆ ಎಳೆದ ಒಂದು ಮೂಲೆ, ಮಗು ಅಂಗಿ ತೊಟ್ಟು ಹತ್ತು ನಿಮಿಷ ಓಡಾಡಲು ಅವಕಾಶ. ಇಷ್ಟು ಸಾಕು. ಹಬ್ಬದ ಹಿಂದಿನ ವಾರ ಇದು ಆಗದ ಮಾತು ಎಂದು ವ್ಯಾಪಾರಿಗಳು ಹೇಳಿದರೆ ಅದೂ ನಿಜವೇ. ಜನರೂ ಆ ವಾರವನ್ನು ತಪ್ಪಿಸಿ, ಅಂಗಡಿ ಖಾಲಿಯಿರುವ ಮಧ್ಯಾಹ್ನ, ಹೊಟ್ಟೆ ತುಂಬಿದ ಮಗುವಿನೊಡನೆ ಹೋಗಬೇಕು. ಮೂರು ಅಂಗಿಯನ್ನು ದೊಡ್ಡವರೇ ಆರಿಸಿ ಮುಂದಿಡಲಿ. ಬೆಲೆ, ಬಣ್ಣ, ಬಾಳಿಕೆ ಅವರ ಹೊಣೆ. ಮೂರರಲ್ಲಿ ಯಾವುದು ಎಂಬುದು ಮಗುವಿನ ಕೆನ್ನೆಯ ಹೊಣೆ. ಕೆನ್ನೆಗೆ, ಕತ್ತಿಗೆ, ಮೊಣಕೈಯ ಒಳಭಾಗಕ್ಕೆ ಬಟ್ಟೆಯ ಒಳಮೈಯನ್ನು ತಿಕ್ಕಿ ನೋಡಿದರೆ ಅಂಗೈ ಹೇಳದ ಸುದ್ದಿ ಅಲ್ಲಿ ಸಿಗುತ್ತದೆ. ಒಪ್ಪಿದ ಅಂಗಿ ಸಿಕ್ಕರೆ ಅದೇ ಬಟ್ಟೆಯದು ಇನ್ನೊಂದು, ಬೇರೆ ಬಣ್ಣದಲ್ಲಿ. ಕೆಲವು ಮಕ್ಕಳಿಗೆ ಸಡಿಲ ಬೇಕು, ಕೆಲವರಿಗೆ ಮೈಗೆ ಒತ್ತಿ ಹಿಡಿಯುವ ಲೆಗ್ಗಿಂಗ್ಸೇ ಹಿತ. ಗ್ರ್ಯಾಂಡಿನ್ ಕೂಡ ಹಗುರ ಸ್ಪರ್ಶವನ್ನು ತಾಳಲಾರದೆ, ಗಟ್ಟಿಯಾಗಿ ಅಪ್ಪಿ ಹಿಡಿಯುವ ಯಂತ್ರವನ್ನೇ ತಮಗಾಗಿ ಮಾಡಿಕೊಂಡವರು. ಎಲ್ಲ ಮಕ್ಕಳಿಗೂ ಒಂದೇ ಪಟ್ಟಿ ಬರೆದುಕೊಡಲು ಇಲ್ಲಿ ಬರುವುದಿಲ್ಲ.

ಕೈಮಗ್ಗದ ಕಡೆ ತಿರುಗುವವರಿಗೂ ದಾರಿ ಇದೆ. ರಂಗಕರ್ಮಿ ಪ್ರಸನ್ನ ಅವರು ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ಕಟ್ಟಿದ ‘ಚರಕ’ದ ಹೆಂಗಸರು ನೇಯ್ದು, ಗಿಡಮೂಲದ ಬಣ್ಣ ಹಾಕಿದ ಹತ್ತಿ ಬಟ್ಟೆ ‘ದೇಸಿ’ ಅಂಗಡಿಗಳಲ್ಲಿ ಸಿಗುತ್ತದೆ. ಎಲ್ಲರ ಜೇಬಿಗೆ ಅದು ಎಟುಕದು. ಎಟುಕದವರಿಗೆ ಊರಿನ ಕಟ್‌ಪೀಸ್ ಅಂಗಡಿಯ ಎರಡು ಮೀಟರ್ ಕಾಟನ್ನೂ ಬೀದಿ ಕೊನೆಯ ದರ್ಜಿಯೂ ಇದ್ದಾರೆ. ‘ಒಳಗಡೆ ಹೊಲಿಗೆ ಮಡಚಿ ಹಾಕಿ, ಎಳೆ ಹೊರಗೆ ಇರಬಾರದು’ ಎಂದು ಹೇಳಬಹುದಾದದ್ದು ಅವರಿಗೆ ಮಾತ್ರ. ರೆಡಿಮೇಡ್ ಕಾರ್ಖಾನೆಗೆ ಆ ಮಾತು ಕೇಳಿಸುವುದಿಲ್ಲ.

ಎಚ್ಚರದ ಒಂದು ಮಾತೂ ಇಲ್ಲಿ ಸೇರಬೇಕು. ಬಟ್ಟೆಗೆ ತಕರಾರು ತೆಗೆಯುವ ಮಗುವನ್ನೆಲ್ಲ ಕಾಯಿಲೆಯ ಪಟ್ಟಿಗೆ ಸೇರಿಸುವುದು ಇನ್ನೊಂದು ಅತಿರೇಕ. ಇಂದ್ರಿಯ ಸೂಕ್ಷ್ಮತೆಯನ್ನು ಪ್ರತ್ಯೇಕ ರೋಗವೆಂದು ಹಣೆಪಟ್ಟಿ ಹಚ್ಚಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2012ರಲ್ಲಿ ಹೇಳಿದೆ. ಮನೋವೈದ್ಯರು ಬಳಸುವ 2013ರ ಡಿಎಸ್ಎಂ-5 ಕೈಪಿಡಿ ಇದನ್ನು ಆಟಿಸಂನ ಹಲವು ಲಕ್ಷಣಗಳಲ್ಲಿ ಒಂದಾಗಿ ಮಾತ್ರ ಸೇರಿಸಿಕೊಂಡಿತು. ಮೊದಲು ನೋಡಬೇಕಾದದ್ದು ಚರ್ಮವನ್ನು. ಕಜ್ಜಿ, ಇಸುಬು ಇದ್ದರೆ ತಪ್ಪೆಲ್ಲ ಅಂಗಿಯದಲ್ಲ. ಮಾತು ತಡವಾಗಿದೆ, ಹೆಸರು ಹಿಡಿದು ಕೂಗಿದರೂ ತಿರುಗುವುದಿಲ್ಲ, ಜೊತೆಯ ಮಕ್ಕಳೊಡನೆ ಬೆರೆಯುವುದಿಲ್ಲ ಎಂಬ ಚಿಂತೆಗಳೂ ಬಟ್ಟೆಯ ಚಿಂತೆಯೊಡನೆ ಸೇರಿದ್ದರೆ ತಡ ಮಾಡಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತವೆ, ಅವರಿಗೆ ಹೇಳಬೇಕು. ಮುಂದಿನ ಹಂತಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಒಂದು. ಸೌಲಭ್ಯ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ಹಬ್ಬದ ಅಂಗಿ ವರ್ಷಕ್ಕೆ ಎರಡು ದಿನದ್ದು. ವರ್ಷದ ಇನ್ನೂರಕ್ಕೂ ಹೆಚ್ಚು ದಿನ ಮೈಮೇಲಿರುವುದು ಶಾಲೆಯ ಸಮವಸ್ತ್ರ. ಆಯ್ಕೆಯ ಮಾತೇ ಇಲ್ಲದ ಬಟ್ಟೆ ಅದು, ಸಾಮಾನ್ಯವಾಗಿ ಪಾಲಿಯೆಸ್ಟರ್ ಬೆರೆತದ್ದು. ಎರಡು ಜೊತೆ ಕೊಡಬೇಕಾದ ಸರ್ಕಾರ ಒಂದೇ ಜೊತೆ ಕೊಟ್ಟಿತೆಂದು ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಯೊಬ್ಬನ ಹೆಸರಿನಲ್ಲಿ ಅರ್ಜಿ ಹೋಗಿ, 2019ರಲ್ಲಿ ಹೈಕೋರ್ಟ್ ಶಿಕ್ಷಣ ಹಕ್ಕು ಕಾಯ್ದೆಯನ್ನು ನೆನಪಿಸಬೇಕಾಯಿತು. ಎಷ್ಟು ಜೊತೆ ಎಂಬ ಪ್ರಶ್ನೆಗೇ ಕೋರ್ಟಿನ ಮೆಟ್ಟಿಲು ಹತ್ತಬೇಕಾದ ನಾಡಿನಲ್ಲಿ ಎಂಥ ಬಟ್ಟೆ ಎಂಬ ಪ್ರಶ್ನೆ ಐಷಾರಾಮದಂತೆ ಕೇಳಬಹುದು. ಆದರೂ ಕೇಳಬೇಕು. ಸಮವಸ್ತ್ರದೊಳಗೆ ತೆಳು ಹತ್ತಿ ಬನಿಯನ್, ಕುತ್ತಿಗೆ ಗುಂಡಿ ಬಿಚ್ಚಿಕೊಳ್ಳಲು ಅನುಮತಿ, ಬೆಲ್ಟು ಟೈಗಳಿಂದ ಪುಟ್ಟ ಮಕ್ಕಳಿಗೆ ವಿನಾಯಿತಿ. ಇವಕ್ಕೆ ವಿಧಾನಸೌಧದ ಆದೇಶ ಬೇಕಿಲ್ಲ, ಮುಖ್ಯ ಶಿಕ್ಷಕರ ಮನಸ್ಸು ಸಾಕು. ಟೈಯನ್ನು ಕಡ್ಡಾಯ ಮಾಡುವ ಖಾಸಗಿ ಶಾಲೆಗಳೂ ಇದನ್ನು ಯೋಚಿಸಬಹುದು.

ಶೂ ಕಾಲುಚೀಲದ ವಿಷಯದಲ್ಲಂತೂ ಅಧಿಕಾರ ಊರಿನವರ ಕೈಯಲ್ಲೇ ಇದೆ. 2015–16ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಕಪ್ಪು ಶೂ, ಬಿಳಿ ಕಾಲುಚೀಲ ಸಿಗುತ್ತಿವೆ. ಈಚಿನ ವರ್ಷಗಳಲ್ಲಿ ಒಂದರಿಂದ ಐದನೇ ತರಗತಿಗೆ ಮಗುವಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325 ರೂಪಾಯಿಯಂತೆ ಹಣ ಬಂದು, ಕೊಳ್ಳುವ ಕೆಲಸ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯದಾಗಿತ್ತು. ಸ್ಥಳೀಯ ಹವೆಗೆ ತಕ್ಕಂತೆ ಶೂ ಬದಲು ಚಪ್ಪಲಿ ಕೊಡಿಸಬಹುದು ಎಂದು ಇಲಾಖೆಯೇ ದಾರಿ ಬಿಟ್ಟಿತ್ತು. ಎಸ್‌ಡಿಎಂಸಿಯಲ್ಲಿ ಕೂರುವವರು ಯಾರೆಂದರೆ ಕೊಬ್ಬರಿ ಬೆಳೆಯುವವರು, ಸುಲಿಯುವವರು, ಚೀಲ ಹೊರುವವರು. ಕೊಬ್ಬರಿಯ ಮಾಲನ್ನು ಮುಟ್ಟಿ ನೋಡದೆ ಒಪ್ಪದ ಜನ. ಮುಂದಿನ ಸಲ ಸಭೆಯ ಮೇಜಿನ ಮೇಲೆ ಮೂರು ಅಂಗಡಿಯ ಮಾದರಿ ಬಂದಾಗ ಒಂದನೇ ತರಗತಿಯಿಂದ ಐದು ಮಕ್ಕಳನ್ನು ಒಳಗೆ ಕರೆಯಲಿ. ‘ಎಲ್ಲ ಕಡೀತೈತೆ’ ಅನ್ನುವ ಹೆಸರು ಹೊತ್ತ ಮಗುವೂ ಆ ಐದರಲ್ಲಿರಲಿ. ಕಾಲುಚೀಲ ತಿರುವಿಹಾಕಿ ಬೆರಳ ತುದಿಯ ಹೊಲಿಗೆ ಮುಟ್ಟಿ ನೋಡಲಿ, ಶೂ ಹಾಕಿಕೊಂಡು ಧ್ವಜಕಂಬದವರೆಗೆ ಒಂದು ಸುತ್ತು ಓಡಿ ಬರಲಿ. ಆಮೇಲೆ ದರದ ಮಾತು.